ಅತಿಭಾರವಹನ: ಬಳ್ಳಾರಿ ಸೀಮೆಯ ಅದಿರಿನ ಚರಿತ್ರೆ

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಲಾಭದಾಸೆಯಿಂದ ಎತ್ತು ಬಂಡಿಗಳನ್ನು ಅಳವು ಮೀರಿ ಓಡಿಸುವುದು ಅತಿವಾಹನ. ಮುಂದೆ ಬೆಲೆ ಬಂದೀತೆಂದು ಮಿತಿಯಿಲ್ಲದೆ ಕೂಡಿಡುವುದು ಅತಿಸಂಗ್ರಹ. ಪರರಿಗೆ ಬಂದ ಲಾಭವನ್ನು ಕಂಡು ಬೆರಗಾಗಿ ಕೊರಗುವುದು ವಿಸ್ಮಯ. ಬಂದ ಲಾಭ ಸಾಲದೆ ಇನ್ನಷ್ಟಕ್ಕೆ ಕೈಚಾಚುವುದು ಲೋಭ. ಹೊರಲಾರದಷ್ಟು ಹೊರೆ ಹೇರುವುದು ಅತಿಭಾರವಹನ. ಬಂಡಿ, ಎತ್ತು, ಧಾನ್ಯದ ಕಣಜಗಳ ಕಾಲದಲ್ಲಿ ವಿಂಗಡಿಸಿದ ಈ ಐದು ದೋಷಗಳು 21ನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಬೆಟ್ಟಗಳಲ್ಲಿ ಒಂದಾದ ಮೇಲೊಂದರಂತೆ ಕಾಣಿಸಿಕೊಂಡವು. ಆ ಚರಿತ್ರೆಯನ್ನು ಕೇವಲ ರಾಜಕೀಯ ಹಗರಣದ ಕಥೆಯಾಗಿ ಓದಿ ಮುಗಿಸುವುದು ವಾಡಿಕೆಯಾಗಿದೆ. ಆದರೆ ಅದು ಒಂದು ಸೀಮೆಯ ನೆಲ, ನೀರು, ಕಾಡು ಮತ್ತು ಜನರ ನಡುವಿನ ಬಹುಕಾಲದ ಸಂಬಂಧ ಹದಗೆಟ್ಟ ಕಥೆಯೂ ಹೌದು.

ಬಳ್ಳಾರಿ ಸೀಮೆಯಲ್ಲಿ ಕಲ್ಲನ್ನು ಅಗೆದು ಬದುಕುವ ಕಸುಬು ಹೊಸದಲ್ಲ. ನಗರದ ಅಂಚಿನಲ್ಲೇ ಇರುವ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳು ನವಶಿಲಾಯುಗದ ಜನರ ನೆಲೆಗಳು. ಅಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟ್ ಬಂಡೆಗಳ ನಡುವೆ ಪಟ್ಟಿಯಂತೆ ಹಾಯ್ದಿರುವ ಡಾಲರೈಟ್ ಎಂಬ ಕರಿಗಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಇದು ಒಂದು ಊರಿನ ಅಗತ್ಯವನ್ನು ಮೀರಿದ ತಯಾರಿಕೆಯಾಗಿತ್ತು ಎಂಬುದಕ್ಕೆ ಅಲ್ಲಿ ರಾಶಿಬಿದ್ದಿರುವ ಕಲ್ಲಿನ ಚಕ್ಕೆಗಳೇ ಸಾಕ್ಷಿ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅವರು ನಡೆಸಿದ ಉತ್ಖನನದಲ್ಲಿ ಗುಡ್ಡದ ಮೇಲಿನ ಗುಡಿಸಲುಗಳ ನೆಲೆ, ಕಲ್ಲಿನ ಉಪಕರಣಗಳು, ತಾಮ್ರದ ವಸ್ತುಗಳು, ಚಿನ್ನದ ಚಿಕ್ಕ ಆಭರಣಗಳು ದೊರೆತವು. ಲೋಹದ ಪರಿಚಯ ಈ ಸೀಮೆಗೆ ಅಷ್ಟು ಹಳೆಯದು. ಕೊಡಲಿ ಮಾಡಿದವರು ಗುಡ್ಡದಿಂದ ಕಲ್ಲನ್ನು ತೆಗೆದರು. ಗುಡ್ಡ ಮಾತ್ರ ಉಳಿಯಿತು. ಮೂರು ಸಾವಿರ ವರ್ಷಗಳಾಚೆಗೂ ಅವರ ಕೈಕೆಲಸದ ಗುರುತು ಅಲ್ಲಿ ಕಾಣುವುದು ಅದರಿಂದಲೇ.

ಚರಿತ್ರೆಯ ಕಾಲಕ್ಕೆ ಬಂದರೆ, ಈ ಸೀಮೆಯ ಸಂಪತ್ತಿನ ಕಲ್ಪನೆ ನೀರು ಮತ್ತು ಹೊಲಗಳ ಸುತ್ತ ಬೆಳೆಯಿತು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳಿದ ಸಿಂದರ ರಾಜಧಾನಿ ಕುರುಗೋಡು. ಆ ಕಾಲದ ಶಾಸನಗಳು ದಾನ ಕೊಟ್ಟ ಸಂಪತ್ತನ್ನು ಮತ್ತರುಗಳಲ್ಲಿ, ಕೆರೆಯ ಕೆಳಗಿನ ಗದ್ದೆಗಳಲ್ಲಿ, ತೋಟಗಳಲ್ಲಿ, ಗಾಣಗಳಲ್ಲಿ ಎಣಿಸುತ್ತವೆ. ಕೋಗಳಿಯ ಬಸದಿ ಜೈನರಿಗೆ ಮುಖ್ಯವಾದ ನೆಲೆ. ಗಂಗ ದೊರೆ ದುರ್ವಿನೀತನು ಅದನ್ನು ಕಟ್ಟಿಸಿದನೆಂಬ ಪರಂಪರೆಯನ್ನು 1055ರ ಶಾಸನ ನೆನೆಯುತ್ತದೆ, ಇಂದ್ರಕೀರ್ತಿ ಮುನಿಗಳು ಅದಕ್ಕೆ ಕೊಟ್ಟ ದಾನವನ್ನು ದಾಖಲಿಸುತ್ತದೆ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಗಟ್ಟೆಗಳನ್ನು ಹಾಕಿ ತೆಗೆಸಿದ ಕಾಲುವೆಗಳಲ್ಲಿ ಸಿರುಗುಪ್ಪ ಮತ್ತು ದೇಶನೂರಿನ ಕಾಲುವೆಗಳೂ ಸೇರಿವೆ. ನೀರು ಪ್ರತಿವರ್ಷ ಬರುತ್ತದೆ, ಬೆಳೆ ಪ್ರತಿವರ್ಷ ಏಳುತ್ತದೆ. ಕೊಟ್ಟ ದಾನ ‘ಆಚಂದ್ರಾರ್ಕ’ ನಡೆಯಲೆಂದು ಶಾಸನಗಳು ಹಾರೈಸುವುದು ಅಂಥ ಸಂಪತ್ತಿನ ಬಗೆಗೆ ಮಾತ್ರ ಸಾಧ್ಯ. ಅಗೆದು ಮಾರಿದ ಅದಿರನ್ನು ಯಾರೂ ಆಚಂದ್ರಾರ್ಕವಾಗಿ ಕೊಡಲಾರರು.

ಕಬ್ಬಿಣವನ್ನು ಈ ಸೀಮೆಯ ಜನ ಅರಿಯದೆ ಇರಲಿಲ್ಲ. ಸಂಡೂರು ಬೆಟ್ಟಗಳ ಸುತ್ತಿನ ಹಳ್ಳಿಗಳಲ್ಲಿ ಮಣ್ಣಿನ ಕುಲುಮೆಗಳಲ್ಲಿ ಅದಿರನ್ನು ಕರಗಿಸಿ ನೇಗಿಲ ಗುಳ, ಕುಡುಗೋಲು, ಕೊಡಲಿಗಳನ್ನು ಮಾಡುತ್ತಿದ್ದರು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಸಂತೆಗೆ ಬಂದು, ಇದ್ದಿಲಿಗೆ ಮರ ಸಿಗುವುದು ಕಷ್ಟವಾಗಿ ಆ ಕುಲುಮೆಗಳು ಆರಿದವು. ಅದೇ ಶತಮಾನದ ಕೊನೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯನ್ನು ಕಾಲ್ನಡೆಯಲ್ಲಿ, ಕುದುರೆಯ ಮೇಲೆ ಸುತ್ತಿ, 1895ರಲ್ಲಿ ಅದರ ಭೂರಚನೆಯ ಕುರಿತ ಗ್ರಂಥವನ್ನು ಪ್ರಕಟಿಸಿದರು. ಸಂಡೂರು ಬೆಟ್ಟಗಳ ಅದಿರಿನ ಸಮೃದ್ಧಿ ಅದರಿಂದ ಹೊರಜಗತ್ತಿಗೆ ತಿಳಿಯಿತು. ಸಂಗನಕಲ್ಲಿನ ಪ್ರಾಗೈತಿಹಾಸಿಕ ಮಹತ್ವವನ್ನು ಗುರುತಿಸಿದವರೂ ಅವರೇ. ಕಲ್ಲಿನ ಕೊಡಲಿಯನ್ನೂ ಕಬ್ಬಿಣದ ಬೆಟ್ಟವನ್ನೂ ಒಬ್ಬನೇ ವಿದ್ವಾಂಸ ಕಂಡದ್ದು ಬಳ್ಳಾರಿಯ ಭಾಗ್ಯ. ಇಂದು ನಗರದಲ್ಲಿರುವ ಪುರಾತತ್ತ್ವ ವಸ್ತುಸಂಗ್ರಹಾಲಯ ಅವರ ಹೆಸರನ್ನು ಹೊತ್ತಿದೆ. ಅವರ ಗ್ರಂಥದ ಎರಡು ಮುಖಗಳಲ್ಲಿ ಮುಂದಿನ ಕಾಲ ಯಾವುದನ್ನು ಹೆಚ್ಚು ಆಸಕ್ತಿಯಿಂದ ಓದಿತು ಎಂಬುದನ್ನು ಹೇಳಬೇಕಾಗಿಲ್ಲ.

20ನೆಯ ಶತಮಾನದ ಮೊದಲ ದಶಕದಲ್ಲಿ ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನದಲ್ಲಿ ‘ಜನರಲ್ ಸಂಡೂರ್ ಮೈನಿಂಗ್ ಕಂಪನಿ’ ಮ್ಯಾಂಗನೀಸ್ ಗಣಿಗಾರಿಕೆಯನ್ನು ಆರಂಭಿಸಿತು. ಅದಿರು ಗೋವೆಯ ಮುರ್ಮಗೋವಾ ಬಂದರಿನ ಮೂಲಕ ಹೊರದೇಶಗಳಿಗೆ ಹೋಗುತ್ತಿತ್ತು. ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಮರುವರ್ಷ, 1954ರಲ್ಲಿ, ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಆ ಸಾರ್ವಜನಿಕ ಕಾರ್ಖಾನೆ ಏಳಲೇ ಇಲ್ಲ, 1990ರ ದಶಕದಲ್ಲಿ ಅಲ್ಲಿ ಖಾಸಗಿ ಉಕ್ಕಿನ ಕಾರ್ಖಾನೆ ಬಂತು. 1977ರಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೈ ಗಣಿ ಕೆಲಸ ಆರಂಭಿಸಿತು. ಹೀಗೆ ಸುಮಾರು ಒಂದು ಶತಮಾನ ಕಾಲ ಬಳ್ಳಾರಿಯಲ್ಲಿ ಗಣಿಗಾರಿಕೆ ಇತ್ತು. ಆದರೆ ಊರು ಗಣಿಯ ಊರಾಗಿರಲಿಲ್ಲ. ಬಳ್ಳಾರಿಯೆಂದರೆ ಕೋಟೆ, ಜೈಲು, ಬಿಸಿಲು, ಹತ್ತಿ ಮತ್ತು ಜೀನ್ಸ್ ಹೊಲಿಗೆ; ಸಿರುಗುಪ್ಪವೆಂದರೆ ಭತ್ತ.

ಈ ಸಮತೋಲ ತಪ್ಪಿದ್ದು ಮೂರು ಕಾರಣಗಳು ಒಂದೆಡೆ ಕೂಡಿದಾಗ. ಮೊದಲನೆಯದು, 1993ರ ರಾಷ್ಟ್ರೀಯ ಖನಿಜ ನೀತಿ. ಅದುವರೆಗೆ ಸಾರ್ವಜನಿಕ ವಲಯಕ್ಕೆ ಮೀಸಲಾಗಿದ್ದ 13 ಖನಿಜಗಳು ಖಾಸಗಿ ಬಂಡವಾಳಕ್ಕೆ ತೆರೆದುಕೊಂಡವು, ಕಬ್ಬಿಣದ ಅದಿರು ಅವುಗಳಲ್ಲೊಂದು. ಎರಡನೆಯದು, ಕರ್ನಾಟಕ ಸರ್ಕಾರ 2003ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆ. ರಾಜ್ಯವು ತನಗೆ ಮೀಸಲಿಟ್ಟುಕೊಂಡಿದ್ದ 11,620 ಚದರ ಕಿಲೋಮೀಟರ್ ಖನಿಜ ಪ್ರದೇಶವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಮೂರನೆಯದು ದೂರದ ಚೀನಾದಲ್ಲಿ ಎದ್ದ ಉಕ್ಕಿನ ಹಸಿವು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿದ್ದ ಆ ದೇಶದ ಕುಲುಮೆಗಳು ಸಂಡೂರಿನ ಅದಿರನ್ನು ಕರೆದವು. ಬೆಲೆ ಹಲವು ಪಟ್ಟು ಏರಿತು. ಆದರೆ ಸರ್ಕಾರಕ್ಕೆ ಸಲ್ಲಬೇಕಾದ ರಾಜಧನವನ್ನು ಬೆಲೆಗೆ ತಕ್ಕಂತೆ ಲೆಕ್ಕ ಹಾಕುತ್ತಿರಲಿಲ್ಲ. ಪ್ರತಿ ಟನ್ನಿಗೆ ಇಂತಿಷ್ಟೆಂದು ನಿಗದಿಯಾಗಿದ್ದ ಅದು ಉತ್ತಮ ದರ್ಜೆಯ ಅದಿರಿಗೂ 27 ರೂಪಾಯಿ ಮೀರುತ್ತಿರಲಿಲ್ಲ. ಬೆಲೆಯ ಶೇ. 10ರಷ್ಟು ರಾಜಧನವೆಂಬ ನಿಯಮ ಬಂದದ್ದು 2009ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಉಬ್ಬರದ ವರ್ಷಗಳು ಬಹುಮಟ್ಟಿಗೆ ಕಳೆದಿದ್ದವು. ಬೆಟ್ಟ ಸಾರ್ವಜನಿಕರದು, ಲಾಭ ಗುತ್ತಿಗೆದಾರರದು ಎಂಬ ಅಸಮತೆ ಕಳ್ಳತನಕ್ಕಿಂತ ಮೊದಲೇ ಕಾನೂನಿನೊಳಗೇ ಇತ್ತು.

ಆಗ ವಿಸ್ಮಯದ ಕಾಲ ಬಂತು. ನೆರೆಯವನ ಲಾಭವನ್ನು ಕಂಡು ಬೆರಗಾದ ಜನ ತಾವೂ ಅದಿರಿನ ಕಡೆಗೆ ತಿರುಗಿದರು. ಸಂಡೂರು, ಹೊಸಪೇಟೆಗಳ ಸುತ್ತ ಬೆಟ್ಟದ ಬುಡದ ಪಟ್ಟಾ ಜಮೀನುಗಳಲ್ಲಿ ಮೇಲ್ಮಣ್ಣಿನಡಿಯೇ ಅದಿರಿನ ಕಲ್ಲು ಸಿಗುತ್ತಿತ್ತು. ಜೋಳ ಬಿತ್ತುತ್ತಿದ್ದ ಹೊಲವನ್ನು ಅಗೆಯಲು ಕೊಟ್ಟರೆ ಹತ್ತು ವರ್ಷದ ಬೆಳೆಯಲ್ಲಿ ಕಾಣದ ಹಣ ಒಂದೇ ಬೇಸಿಗೆಯಲ್ಲಿ ಕೈಗೆ ಬರುತ್ತಿತ್ತು. ಸಾಲ ಮಾಡಿ ಲಾರಿ ಕೊಂಡವರು ಸಾವಿರಾರು ಮಂದಿ. ಮಳೆಯಿಲ್ಲದ ಊರುಗಳಿಂದ ಗುಳೆ ಬಂದ ಕುಟುಂಬಗಳು ಬೆಟ್ಟದ ಬುಡದಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಹಾಕಿಕೊಂಡು, ಹೆಂಗಸರು ಮಕ್ಕಳೆನ್ನದೆ ಸುತ್ತಿಗೆಯಿಂದ ಅದಿರು ಕುಟ್ಟಿ, ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತರು. ಬಳ್ಳಾರಿಯ ಬೀದಿಗಳಲ್ಲಿ ವಿದೇಶೀ ಕಾರುಗಳು, ಆಕಾಶದಲ್ಲಿ ಹೆಲಿಕಾಪ್ಟರುಗಳು ಕಂಡವು. ನಿವೇಶನಗಳ ಬೆಲೆ ಗಗನಕ್ಕೇರಿತು. ಬೆಟ್ಟದ ರಸ್ತೆಯ ಇಕ್ಕೆಲಗಳ ಹೊಲ, ಮರ, ಮನೆಯ ಮಾಳಿಗೆ, ಒಣಗಲು ಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಬಣ್ಣ ಬಂತು, ಅದಿರಿನ ಕೆಂಪು.

ಗಣಿಯ ಉಬ್ಬರದಿಂದ ಬೆಳೆದ ಊರುಗಳಿಗೆ ಜಗತ್ತಿನಲ್ಲಿ ಕೊರತೆಯಿಲ್ಲ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ 1859ರಲ್ಲಿ ಕಾಮ್‌ಸ್ಟಾಕ್ ಎಂಬ ಬೆಳ್ಳಿಯ ನಿಕ್ಷೇಪ ಬೆಳಕಿಗೆ ಬಂದಾಗ ಅದರ ಮೇಲೆಯೇ ವರ್ಜೀನಿಯಾ ಸಿಟಿ ಎದ್ದಿತು. 1870ರ ದಶಕದಲ್ಲಿ ಸುಮಾರು 25 ಸಾವಿರ ಜನರಿದ್ದ ಆ ಪಟ್ಟಣದಲ್ಲಿ ಇಂದು ಒಂದು ಸಾವಿರ ಜನರೂ ಇಲ್ಲ. ಗಣಿಯ ಸುರಂಗಗಳಿಗೆ ಆಸರೆ ಕೊಡಲು ಟಾಹೋ ಸರೋವರದ ಸುತ್ತಿನ ಬೆಟ್ಟಗಳ ಮರಗಳನ್ನು ಬೋಳಾಗುವಂತೆ ಕಡಿಯಲಾಯಿತು. ನಮ್ಮಲ್ಲೇ ಕೋಲಾರದ ಚಿನ್ನದ ಗಣಿ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದು 2001ರಲ್ಲಿ ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳೂ ಕೆಲಸವಿಲ್ಲದ ಕಾಲೊನಿಗಳೂ ಉಳಿದವು. ಆದರೆ ವರ್ಜೀನಿಯಾ ಸಿಟಿಗೂ ಬಳ್ಳಾರಿಗೂ ಒಂದು ಮುಖ್ಯ ಭೇದವಿದೆ. ಮರುಭೂಮಿಯ ಊರು ಬೆಳ್ಳಿಗಾಗಿಯೇ ಹುಟ್ಟಿತ್ತು. ಬೆಳ್ಳಿ ತೀರಿದಾಗ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಬಳ್ಳಾರಿ ಸೀಮೆಯ ಜನಕ್ಕೆ ಹಾಗೆ ಹೊರಡಲು ಬೇರೆ ಊರಿಲ್ಲ. ಅವರು ಅದಿರಿಗೆ ಮೊದಲೂ ಇಲ್ಲಿದ್ದರು, ಅದಿರಿನ ಅನಂತರವೂ ಇಲ್ಲಿಯೇ ಇರಬೇಕಾದವರು.

ಉಬ್ಬರದ ಏರಿಕೆಯೊಂದಿಗೆ ಗಡಿಗಳು ಅಳಿಸತೊಡಗಿದವು. ಗುತ್ತಿಗೆಯ ಗಡಿ ಮೀರಿ ಮೀಸಲು ಅರಣ್ಯದೊಳಕ್ಕೆ ಅಗೆತ ನುಗ್ಗಿತು. ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ನಡುವಿನ ಗಡಿಯೇ ವಿವಾದಕ್ಕೆ ಸಿಲುಕಿತು. ಆ ಗಡಿಯಲ್ಲಿದ್ದ, ಸುತ್ತಲಿನ ಜನ ತಲೆಮಾರುಗಳಿಂದ ನಡೆದುಕೊಳ್ಳುತ್ತಿದ್ದ ಸುಗ್ಗಲಮ್ಮ ದೇವಿಯ ಗುಡಿ 2006ರಲ್ಲಿ ಗಣಿಗಾರಿಕೆಗೆ ಬಲಿಯಾಯಿತು. ಸಂಡೂರಿನ ಕುಮಾರಸ್ವಾಮಿ ಮತ್ತು ಪಾರ್ವತಿಯರ ಪ್ರಾಚೀನ ದೇವಾಲಯಗಳ ಸುತ್ತಿನ ಬೆಟ್ಟಗಳೂ ಅಗೆತದ ಸದ್ದಿಗೆ ನಡುಗಿದವು. ಈ ಕುಮಾರಸ್ವಾಮಿ ದೇವಾಲಯ ಸಂಸ್ಥಾನದ ಕಾಲದಲ್ಲೇ, 1930ರ ದಶಕದಲ್ಲಿ, ದಲಿತರಿಗೆ ಬಾಗಿಲು ತೆರೆದು ಗಾಂಧೀಜಿಯವರ ಮೆಚ್ಚುಗೆ ಪಡೆದದ್ದು ಎಂಬುದನ್ನು ನೆನೆದರೆ, ಆ ಬೆಟ್ಟ ಕಬ್ಬಿಣಕ್ಕಿಂತ ಬೇರೆಯದೂ ಒಂದು ಸಂಪತ್ತನ್ನು ಹೊತ್ತಿತ್ತೆಂಬುದು ತಿಳಿಯುತ್ತದೆ.

ಈ ಅಕ್ರಮದ ದಾಖಲೆಯನ್ನು ಸಿದ್ಧಪಡಿಸಿದ್ದು ಕರ್ನಾಟಕ ಲೋಕಾಯುಕ್ತ. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯ ವರದಿಯನ್ನೂ ಕೊಟ್ಟರು. ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರ ತಂಡ ಗಣಿ, ತೂಕದ ಕಟ್ಟೆ, ರೈಲು, ಬಂದರು, ಬ್ಯಾಂಕುಗಳ ಲೆಕ್ಕಗಳನ್ನು ಒಂದಕ್ಕೊಂದು ತಾಳೆ ನೋಡಿತು. ಪರ್ಮಿಟ್ ಇದ್ದ ಅದಿರಿಗಿಂತ ಹಡಗು ಹತ್ತಿದ ಅದಿರು ಹೆಚ್ಚಾಗಿತ್ತು. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಪರ್ಮಿಟ್ ಇಲ್ಲದೆ ಹೊರಹೋಗಿತ್ತೆಂದೂ, ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗಳಷ್ಟು ನಷ್ಟವಾಗಿತ್ತೆಂದೂ ವರದಿ ಅಂದಾಜಿಸಿತು. ಈ ಅಕ್ರಮದ ಅತ್ಯಂತ ಸಾಮಾನ್ಯ ವಿಧಾನ ಲಾರಿಗಳ ಅತಿಭಾರ. ಪರ್ಮಿಟ್‌ನಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು ತೂಕ; ಹೆಚ್ಚುವರಿ ಅದಿರಿಗೆ ರಾಜಧನವೂ ಇಲ್ಲ, ಲೆಕ್ಕವೂ ಇಲ್ಲ. ಆ ಹೊರೆಗೆ ರಸ್ತೆಗಳು ಕುಸಿದವು, ಅಪಘಾತಗಳಲ್ಲಿ ದಾರಿಹೋಕರು ಸತ್ತರು. ಅತಿಭಾರವಹನವನ್ನು ಪ್ರಾಣಿಹಿಂಸೆಯ ದೃಷ್ಟಿಯಿಂದ ಅಹಿಂಸಾಣುವ್ರತದ ಅತಿಚಾರವಾಗಿಯೂ, ಲೋಭದ ದೃಷ್ಟಿಯಿಂದ ಪರಿಗ್ರಹ ಪರಿಮಾಣದ ಅತಿಚಾರವಾಗಿಯೂ ಶ್ರಾವಕಾಚಾರ ಎರಡು ಕಡೆ ಎಣಿಸುವುದರ ಅರ್ಥ ಬಳ್ಳಾರಿಯ ರಸ್ತೆಯಲ್ಲಿ ಸ್ಪಷ್ಟವಾಗುತ್ತದೆ. ಒಂದೇ ಕ್ರಿಯೆ ಅತ್ತ ಹಿಂಸೆ, ಇತ್ತ ಲೋಭ.

ಅತಿಸಂಗ್ರಹಕ್ಕೂ ಒಂದು ಸ್ಥಳ ಇದೆ, ಅಂಕೋಲಾ ಬಳಿಯ ಬೇಲೆಕೇರಿ ಬಂದರು. ಅಲ್ಲಿ ರಾಶಿ ಹಾಕಿದ್ದ ಸುಮಾರು 8 ಲಕ್ಷ ಟನ್ ಅದಿರನ್ನು 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡಿತು. ವಶಪಡಿಸಿಕೊಂಡ ಆ ಅದಿರಿನಲ್ಲೂ ಬಹುಭಾಗ ಹಡಗು ಹತ್ತಿಹೋಯಿತು. ಆ ವರ್ಷದ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. ಎರಡನೆಯ ವರದಿ ಬಂದ ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು.

ಎಸ್. ಆರ್. ಹಿರೇಮಠ ಅವರ ನೇತೃತ್ವದ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಗಿತ್ತು. ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಒಂದು ತಿಂಗಳೊಳಗೆ ಅದೇ ಆದೇಶ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ ಸುಮಾರು 50 ಗುತ್ತಿಗೆಗಳನ್ನು ರದ್ದುಗೊಳಿಸಿ, ಉಳಿದವುಗಳಿಗೆ ದಂಡ ಮತ್ತು ಪುನಶ್ಚೇತನದ ಷರತ್ತುಗಳನ್ನು ಹಾಕಿ ಅನುಮತಿ ಕೊಟ್ಟಿತು. ವರ್ಷಕ್ಕೆ ತೆಗೆಯಬಹುದಾದ ಅದಿರಿಗೂ ಮಿತಿ ಬಂತು: ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. ಆಧುನಿಕ ಭಾರತದ ನ್ಯಾಯಾಲಯವೊಂದು ಒಂದು ಜಿಲ್ಲೆಯ ಬೆಟ್ಟಗಳಿಗೆ ಪರಿಗ್ರಹ ಪರಿಮಾಣವನ್ನು ವಿಧಿಸಿದ ಪ್ರಸಂಗವಿದು. ಭೇದವೊಂದೇ: ವ್ರತವನ್ನು ಮನುಷ್ಯ ತಾನಾಗಿ ಕೈಕೊಳ್ಳುತ್ತಾನೆ, ಮಿತಿಯನ್ನು ಹೊರಗಿನವರು ಹೇರುತ್ತಾರೆ. ಹೊರಗಿನಿಂದ ಬಂದ ಮಿತಿ ಮೆಲ್ಲಗೆ ಸಡಿಲವಾಗುತ್ತದೆ. ಮುಂದಿನ ವರ್ಷಗಳಲ್ಲಿ ಆ ಮಿತಿ ಎರಡು ಬಾರಿ ಏರಿತು. 2022ರ ಮೇ ತಿಂಗಳಲ್ಲಿ ರಫ್ತಿಗೂ ಮತ್ತೆ ಅನುಮತಿ ದೊರೆಯಿತು.

ನಿಷೇಧದ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ಚರಿತ್ರೆ ಬಿಟ್ಟುಬಿಡುವಂತಿಲ್ಲ. ಕೋಟಿಗಳನ್ನು ಗಳಿಸಿದವರ ಗಳಿಕೆ ಬೇರೆ ಬೇರೆ ಕಡೆ ನೆಲೆ ಕಂಡಿತ್ತು. ಸಾಲದ ಲಾರಿ ಕೊಂಡವನ ಲಾರಿ ರಸ್ತೆಯ ಬದಿಯಲ್ಲಿ ತಿಂಗಳುಗಟ್ಟಲೆ ನಿಂತು ತುಕ್ಕು ಹಿಡಿಯಿತು. ಕಂತು ಕಟ್ಟಲಾಗದೆ ಫೈನಾನ್ಸಿನವರು ಎಳೆದುಕೊಂಡು ಹೋದರು. ಕುಟ್ಟುವ, ಹೊರುವ ಕೂಲಿಯವರು ಮತ್ತೆ ಗುಳೆ ಹೊರಟರು. ಪಟ್ಟಾ ಜಮೀನನ್ನು ಅಗೆಸಿದ ರೈತನಿಗೆ ಉಳಿದದ್ದು ನೀರು ನಿಂತ ಹಳ್ಳ. ಮೇಲ್ಮಣ್ಣು ಹೋದ ನೆಲದಲ್ಲಿ ಜೋಳವೂ ಏಳಲಿಲ್ಲ. ಲೋಭ ಮಾಡಿದವನಿಗೂ ವಿಸ್ಮಯಪಟ್ಟವನಿಗೂ ಫಲ ಒಂದೇ ಆಗಲಿಲ್ಲ. ಸಣ್ಣವನು ಮಾಡಿದ ಸಣ್ಣ ಅತಿಚಾರಕ್ಕೆ ದೊಡ್ಡ ದಂಡ, ದೊಡ್ಡವನ ದೊಡ್ಡ ಅತಿಚಾರಕ್ಕೆ ವರ್ಷಗಟ್ಟಲೆ ಎಳೆಯುವ ವಿಚಾರಣೆ.

ಜೈನ ಗ್ರಂಥಗಳು ಶ್ರಾವಕನು ಬಿಡಬೇಕಾದ ಹದಿನೈದು ಕಠೋರ ಕರ್ಮಗಳನ್ನು ಎಣಿಸುತ್ತವೆ. ಕಾಡು ಕಡಿದು ಬದುಕುವ ವನಕರ್ಮ, ಬಂಡಿಗಳ ವ್ಯಾಪಾರದ ಶಕಟಕರ್ಮ, ಬಾಡಿಗೆಗೆ ಹೊರೆ ಹೊರಿಸುವ ಭಾಟಕಕರ್ಮ, ನೆಲವನ್ನು ಸೀಳುವ ಸ್ಫೋಟಕರ್ಮ ಅವುಗಳಲ್ಲಿ ಸೇರಿವೆ. ಇವುಗಳನ್ನು ಅಕ್ಷರಶಃ ಪಾಲಿಸಿದರೆ ಲೋಕವ್ಯವಹಾರ ನಡೆಯದೆಂಬ ಆಕ್ಷೇಪ ಸಹಜ. ಕಬ್ಬಿಣವಿಲ್ಲದೆ ನೇಗಿಲಿಲ್ಲ, ಬಸದಿಯ ಬಾಗಿಲಿಗೂ ಕಬ್ಬಿಣದ ಅಗುಳಿ ಬೇಕು. ಆಶಾಧರರಂಥ ಪಂಡಿತರು ಇಂಥ ಪಟ್ಟಿಗಳ ಉದ್ದೇಶವನ್ನು ಚರ್ಚಿಸಿದ್ದೂ ಉಂಟು. ಗಣಿಗಾರಿಕೆ ಬೇಡವೆನ್ನುವುದಕ್ಕಾಗಿ ಈ ಗ್ರಂಥಗಳನ್ನು ಓದಬೇಕಾಗಿಲ್ಲ. ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಕೇಳುವುದಕ್ಕಾಗಿ ಓದಬೇಕು. ಬಳ್ಳಾರಿಯ ಉಬ್ಬರದ ವರ್ಷಗಳಲ್ಲಿ ಎಷ್ಟು ಬೆಲೆ, ಎಷ್ಟು ಟನ್, ಎಷ್ಟು ಲಾರಿ ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳಿದರು. ಎಷ್ಟು ಸಾಕು ಎಂಬುದನ್ನು ಕೇಳಿದವರು ಕೆಲವರೇ, ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯಲಾಯಿತು.

ಆ ಪ್ರಶ್ನೆ ಇನ್ನೂ ಹಳತಾಗಿಲ್ಲ. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯವನ್ನು ಗಣಿಗಾರಿಕೆಗೆ ಕೊಡುವ ಪ್ರಸ್ತಾಪ 2024ರಲ್ಲಿ ಮತ್ತೆ ವಿವಾದವಾಯಿತು. ಅಲ್ಲಿ ಉರುಳಬೇಕಾಗುವ ಮರಗಳ ಸಂಖ್ಯೆ 99 ಸಾವಿರ ಎಂಬ ಲೆಕ್ಕ ಜನರನ್ನು ಬೆಚ್ಚಿಬೀಳಿಸಿತು. ಅದೇ ಬೆಟ್ಟಗಳ ಮಳೆನೀರನ್ನು ಕೂಡಿಕೊಂಡು ನಾರಿಹಳ್ಳ ಹರಿದು ದರೋಜಿಯ ಕೆರೆಯನ್ನು ಸೇರುತ್ತದೆ. ಕುರುಗೋಡಿನ ಹೊಲಗಳಿಗೂ ಸಿರುಗುಪ್ಪದ ಗದ್ದೆಗಳಿಗೂ ಜೀವವಾದ ತುಂಗಭದ್ರಾ ಜಲಾಶಯ 133 ಟಿಎಂಸಿ ನೀರು ಹಿಡಿಯುವಂತೆ ಕಟ್ಟಿದ್ದು. ಹೂಳು ತುಂಬಿ ಇಂದು ಅದು ಹಿಡಿಯುವುದು ಸುಮಾರು 105 ಟಿಎಂಸಿ ಮಾತ್ರ. ಬೆಟ್ಟಗಳ ಮೈಮೇಲೆ ಕಾಡು ನಿಲ್ಲುವುದೇ ನೀರಿನ ಕೆಳಗೆ ಹೂಳು ನಿಲ್ಲದಿರುವುದಕ್ಕೆ ಉಪಾಯ ಎಂಬುದನ್ನು ಕೆರೆ ಕಟ್ಟಿದ ಹಿಂದಿನವರು ಅರಿತಿದ್ದರು.

ಸಂಡೂರಿನ ಅದಿರು 250 ಕೋಟಿ ವರ್ಷಗಳಿಗೂ ಹಿಂದಿನದು. ಅದನ್ನು ತಿರುಗಿ ಬಿತ್ತಲು ಬರುವುದಿಲ್ಲ. ಸಿರುಗುಪ್ಪದ ಕಾಲುವೆಗೆ ನೀರು ಬಿಟ್ಟ ದಿನ ರೈತ ಸಸಿಮಡಿಗೆ ಬೀಜ ಚೆಲ್ಲುತ್ತಾನೆ. ನಾಲ್ಕೈದು ತಿಂಗಳಲ್ಲಿ ಚೀಲ ತುಂಬುತ್ತದೆ, ಮುಂದಿನ ಬಿತ್ತನೆಗೆಂದು ಒಂದಿಷ್ಟು ಬೀಜವನ್ನು ಎತ್ತಿಡುತ್ತಾನೆ. ಆ ಎತ್ತಿಟ್ಟ ಬೀಜವೇ ಈ ಸೀಮೆಗೆ ತಿಳಿದ ಅತ್ಯಂತ ಹಳೆಯ ಪರಿಮಾಣ.